ಒಂದು ಸೀನು, ನೂರು ಅಧ್ಯಾಯ

ಹಂಪಿ ನೋಡಲು ಬಂದವರು ಕಲ್ಲು ನೋಡಿಕೊಂಡು ಸುಮ್ಮನೆ ಹೋಗಿಬಿಟ್ಟಿದ್ದರೆ ನನ್ನ ಬಾಳು ಇಷ್ಟು ರಂಗಾಗುತ್ತಿರಲಿಲ್ಲ. ಅವರು ಕಲ್ಲು ನೋಡುವುದು ಅರ್ಧ ಗಳಿಗೆ. ತಲೆಯಲ್ಲಿ ಹೊತ್ತು ತಂದದ್ದನ್ನು ನಮ್ಮ ಮೇಲೆ ಇಳಿಸುವುದು ನಾಲ್ಕು ದಿನ. ಒಬ್ಬ ದೊರೆ ಬಂದು ಸಣ್ಣ ಸುತ್ತಿಗೆಯಿಂದ ನಮ್ಮ ಬಂಡೆಗಳನ್ನೆಲ್ಲ ಬಡಿದು, ಕಿವಿಗೊಟ್ಟು ಕೇಳಿ, ತಲೆಯಾಡಿಸಿ ಹೋದ. ಏನು ಕೇಳಿಸಿತೋ ಅವನಿಗೇ ಗೊತ್ತು. ಒಬ್ಬ ದೊರೆಸಾನಿ ಕಡ್ಡಿರಾಂಪುರದ ಬಯಲಲ್ಲಿ ಮೇಯುತ್ತಿದ್ದ ಕೋಣಗಳೆದುರು ಪಿಟೀಲು ನುಡಿಸಿದಳು. ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ. ಕೋಣಗಳು ಗಾದೆಯಲ್ಲಿ ಹೇಳಿದ ಹಾಗೆಯೇ ನಡೆದುಕೊಂಡವು.

ಆಗ ನಮ್ಮ ಸೀಮೆ ಮದರಾಸು ಇಲಾಖೆಗೆ ಸೇರಿತ್ತು. ನಾನು ಹೊಸಪೇಟೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಊರಿಗೆ ಯಾವ ಪರದೇಶಿ ಇಳಿದರೂ ಸ್ಟೇಷನ್ ಮಾಸ್ತರರು ನನಗೇ ಹೇಳಿ ಕಳಿಸುತ್ತಿದ್ದರು. ಹಾಗೆ ಇಳಿದವರಲ್ಲೆಲ್ಲ ನನ್ನನ್ನು ಹೆಚ್ಚು ಸತಾಯಿಸಿದವರು, ಇವತ್ತಿಗೂ ನೆನೆದರೆ ನನಗೆ ಹೆಚ್ಚು ಪ್ರೀತಿ ಉಕ್ಕುವವರು, ಒಬ್ಬ ಚೀನಾ ಸಾಹೇಬರು.

೧. ಬಾಯಿ ತೆರೆದ ಸ್ವಾಗತ

ಅದಕ್ಕೆ ಮುಂಚೆ ನಮ್ಮ ಕಡೆಯವರು ಚೀನಾದವರನ್ನು ಕಂಡೇ ಇರಲಿಲ್ಲವೆಂದಲ್ಲ. ಸೈಕಲ್ಲಿನ ಹಿಂದೆ ರೇಷ್ಮೆ ಗಂಟು ಕಟ್ಟಿಕೊಂಡು ಮಾರುವವರು ಬರುತ್ತಿದ್ದರು. ದೊಡ್ಡ ಊರುಗಳಲ್ಲಿ ಹಲ್ಲು ಕೀಳುವವರು ಅಂಗಡಿ ಇಟ್ಟಿದ್ದರು. ಹೀಗಾಗಿ ಚೀನಾದವನೆಂದರೆ ಒಂದೋ ರೇಷ್ಮೆ, ಇಲ್ಲವೇ ಹಲ್ಲು. ಮೂರನೆಯ ಜಾತಿಯ ಚೀನಾದವನು ಹುಟ್ಟಿಲ್ಲವೆಂದು ಊರೆಲ್ಲ ನಂಬಿತ್ತು.

ಹೊಸಪೇಟೆಗೆ ಅಂಟಿಕೊಂಡಿದ್ದ ಚಿತ್ತವಾಡ್ಗಿಯಲ್ಲಿ ಅಕ್ಕಿ ಗಿರಣಿಯ ಸಾಹುಕಾರರಿದ್ದರು. ಪರಸ್ಥಳದವರು ಬಂದರೆ ಗಿರಣಿಯ ಅಂಗಳದಲ್ಲಿದ್ದ ಖಾಲಿ ಮನೆಯಲ್ಲಿ ಇಳಿಸಿಕೊಳ್ಳುವುದು ಅವರಿಗೊಂದು ದೊಡ್ಡಸ್ತಿಕೆ. ಆ ವಾರ ಅವರ ದವಡೆ ಊದಿ ಬದನೆಕಾಯಿಯಾಗಿತ್ತು. ಹೀಗಿರುವಾಗ ಜಟಕಾದಿಂದ ಇಳಿದರು ನಮ್ಮ ಚೀನಾ ಸಾಹೇಬರು, ಬಗಲಲ್ಲಿ ಒಂದು ಬಟ್ಟೆಯ ಗಂಟು.

"ಮೇಷ್ಟ್ರ, ಜಲ್ದಿ ಬರ್ರಿ, ಹಲ್ಲಿನ ಡಾಕ್ಟ್ರು ಬಂದಾನ" ಎಂದು ನನಗೆ ಕರೆ ಬಂತು. ನಾನು ಓಡಿಹೋಗಿ ನೋಡುತ್ತೇನೆ, ಪಡಸಾಲೆಯಲ್ಲಿ ಸಾಹುಕಾರರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಬಾಯಿ ಅಗಲಿಸಿದ್ದಾರೆ. ಎದುರಿಗೆ ಇನ್ನೊಂದು ಕುರ್ಚಿಯಲ್ಲಿ ಚೀನಾ ಸಾಹೇಬರು ಕೂತು, ಅವರಿಗಿಂತ ದೊಡ್ಡದಾಗಿ ಬಾಯಿ ತೆರೆದಿದ್ದಾರೆ. ಮನೆಯವರೆಲ್ಲ ಸುತ್ತ ನಿಂತು ಒಮ್ಮೆ ಈ ಬಾಯಿ, ಒಮ್ಮೆ ಆ ಬಾಯಿ ನೋಡುತ್ತಿದ್ದಾರೆ.

ಕಸ ಹೊಡೆಯುವ ಹೆಂಗಸು ನನ್ನ ಕಿವಿಯಲ್ಲಿ, "ಯಾರು ಯಾರ ಹಲ್ಲು ಕೀಳ್ತಾರ್ರಿ?" ಎಂದಳು.

ನಾನು ನಡುವೆ ಹೋಗಿ ಇಬ್ಬರ ಬಾಯಿಯನ್ನೂ ಮುಚ್ಚಿಸಿದೆ. ವಿಚಾರಿಸಿದಾಗ ಸಾಹೇಬರು ತಮ್ಮ ದೇಶದ ಹಳೆಯ ಗ್ರಂಥಗಳ ಉಪಾಧ್ಯಾಯರೆಂದೂ, ನಿವೃತ್ತರಾಗಿ ದೇಶ ನೋಡಲು ಹೊರಟವರೆಂದೂ, ಗಂಟಿನಲ್ಲಿರುವುದು ಪುಸ್ತಕವೆಂದೂ ತಿಳಿಯಿತು. ಸಾಹುಕಾರರು ನಿರಾಶೆಯಿಂದ ದವಡೆ ಹಿಡಿದುಕೊಂಡರು. ಆಮೇಲೆ ನಾನು ಸಾಹೇಬರನ್ನು ಪಕ್ಕಕ್ಕೆ ಕರೆದು, "ಅವರು ಹಲ್ಲುನೋವಿಗೆ ಬಾಯಿ ತೆರೆದರು, ನೀವು ಯಾಕೆ ತೆರೆದಿರಿ?" ಎಂದು ಕೇಳಿದೆ.

ಅವರು ಗಂಭೀರವಾಗಿ ಹೇಳಿದರು: "ಒಂದು ದೇಶದಲ್ಲಿ ಮೂಗಿಗೆ ಮೂಗು ಉಜ್ಜಿದರು. ಇನ್ನೊಂದು ದೇಶದಲ್ಲಿ ಕೆನ್ನೆಗೆ ಮುತ್ತಿಟ್ಟರು. ಎಲ್ಲಕ್ಕಿಂತ ನಿಮ್ಮ ಪದ್ಧತಿಯೇ ಶುಚಿಯೆನಿಸಿತು."

೨. ಒಂಟಿ ಸೀನು

ಗಂಟಿನಲ್ಲಿದ್ದದ್ದು ಹಲವು ಸಂಪುಟಗಳಲ್ಲಿ ಒಂದೇ ಕಥೆ, ನೂರು ಅಧ್ಯಾಯ. ಸಾಹೇಬರ ಊರಿನಲ್ಲಿ ಕೂಸಿಗೂ ಆ ಕಥೆ ಬಾಯಿಗೆ ಬರುತ್ತದಂತೆ. "ಅದೇ ನನ್ನ ಕಷ್ಟ," ಎಂದರು. "ಜೀವಮಾನವೆಲ್ಲ ಈ ಕಥೆ ಪಾಠ ಹೇಳಿದೆ, ಎಲ್ಲ ಕೊನೆ ಗೊತ್ತಿರುವವರಿಗೇ. ಕೊನೆ ಗೊತ್ತಿಲ್ಲದ ಒಬ್ಬರಿಗಾದರೂ ಮೊದಲಿಂದ ಕೊನೆಯವರೆಗೆ ಹೇಳಬೇಕೆಂದು ಹೊರಟಿದ್ದೇನೆ. ಹಡಗಿನಲ್ಲಿ ಒಬ್ಬರಿಗೆ ಶುರುಮಾಡಿದೆ, ಅವರ ಬಂದರು ಬಂದುಬಿಟ್ಟಿತು. ರಂಗೂನಿನಲ್ಲಿ ಒಬ್ಬ ವ್ಯಾಪಾರಿ ನಿದ್ದೆ ಹೋದ. ಕಲಕತ್ತೆಯಲ್ಲಿ ಒಬ್ಬರು ನನ್ನ ಕಥೆ ನಿಲ್ಲಿಸಿ ತಮ್ಮ ಕಥೆ ಹೇಳಿದರು. ವಯಸ್ಸಾಯಿತು, ಇನ್ನೊಂದು ಪ್ರಯಾಣ ನನ್ನಿಂದ ಆಗದು."

ಹೇಳುವಾಗ ಅವರ ಮುಖ ನೋಡಿ ನನಗೆ ನಿಜವಾಗಿಯೂ ಅಯ್ಯೋ ಎನಿಸಿತು. ಇದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಒಳಗಿನಿಂದ ಸಾಹುಕಾರರ ತಾಯಿ ಹೊರಬಂದು ಕಂಬಕ್ಕೆ ಒರಗಿ ಕೂತರು. ಊರಿಗೆಲ್ಲ ಅವರು ಅಜ್ಜಿ. ಪುರಾಣ, ಪ್ರವಚನ ಒಂದನ್ನೂ ಬಿಟ್ಟವರಲ್ಲ. ಸೊಂಟದಲ್ಲಿ ಸದಾ ನಸ್ಯದ ಡಬ್ಬಿ. ಮದುವೆಯಾದಾಗಿನಿಂದ ನಸ್ಯ ಏರಿಸಿದರೂ ಒಮ್ಮೆಯೂ ಸೀನದ ಮೂಗು ಅವರದೆಂದು ಊರಲ್ಲಿ ಹೆಸರು.

"ಕಥೀಗೆ ಬ್ಯಾಡ ಅನ್ನೋರು ಯಾರು? ಹೇಳಂತ ಹೇಳ್ರಿ ಮೇಷ್ಟ್ರ" ಎಂದರು ಅಜ್ಜಿ.

ಸಂಜೆ ಪಡಸಾಲೆ ತುಂಬಿತು. ಸಾಹೇಬರು ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಹೇಳುವುದು. ಒಬ್ಬ ಬಡ ವಿದ್ಯಾರ್ಥಿ. ದೊಡ್ಡ ಮನೆತನದ ಹುಡುಗಿಯೊಂದಿಗೆ ಅವನ ಮದುವೆ ಮಾತು. ಅವರ ಸಂಪ್ರದಾಯದಂತೆ ಹುಡುಗಿ ಪರದೆಯ ಹಿಂದೆ. ಹುಡುಗ ಅವಳನ್ನು ನೋಡುವ ಹಾಗಿಲ್ಲ. ಮಾತು ಮುಗಿದು ಹುಡುಗ ಏಳುವ ಹೊತ್ತಿಗೆ ಪರದೆಯ ಹಿಂದೆ ಆಕೆ ಮೆಲ್ಲಗೆ ಸೀನಿದಳು. ಆ ಸೀನು ಕೇಳಿ ಹುಡುಗ ಮನಸೋತ.

ಸಾಹೇಬರು ಕಣ್ಣು ಅರೆಮುಚ್ಚಿ, "ಈ ಒಂದು ಸೀನಿನ ಚೆಲುವಿನ ಮೇಲೆ ನಮ್ಮ ಪಂಡಿತರು ಸಂಪುಟಗಳನ್ನೇ ಬರೆದಿದ್ದಾರೆ" ಎಂದರು.

ಅಜ್ಜಿ ಕೈಯೆತ್ತಿದರು. "ನಿಲ್ಲಸ್ರಿ. ಎಷ್ಟು ಸಲ ಸೀನಿದಳು?"

ಸಾಹೇಬರು ಪುಸ್ತಕ ನೋಡಿ, "ಒಂದೇ ಸಲ" ಎಂದರು.

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ನಮ್ಮಲ್ಲಿ ಹೊರಟಾಗ ಯಾರಾದರೂ ಒಂದು ಸಲ ಸೀನಿದರೆ ಹೊರಟವನು ಹೋಗುವ ಹಾಗಿಲ್ಲ. ಕೂತು ನೀರು ಕುಡಿದು, ಎರಡನೆಯ ಸೀನು ಬಂದರೆ ದೋಷ ಹೋಯಿತೆಂದು ಏಳಬೇಕು. ಸಾಹೇಬರಿಗೆ ನಾನು ಇದನ್ನು ಬಿಡಿಸಿ ಹೇಳಿದೆ. ಅವರು ಮತ್ತೆ ಪುಟ ತಿರುವಿ ಹುಡುಕಿ, "ಇಲ್ಲ, ಒಂದೇ" ಎಂದರು, ತಾವೇ ಸೀನಿದವರ ಹಾಗೆ ಮುಖ ಸಣ್ಣದು ಮಾಡಿ.

"ಬಿಡವ್ವ," ಎಂದರು ಸಾಹುಕಾರರು. "ಅವರ ದೇಶದ್ದು ಅವರಿಗೆ."

"ಸೀನಿಗೆ ಯಾವ ದೇಶಲೇ? ಮೂಗು ಎಲ್ಲಾರಿಗೂ ಮುಖದ ಮ್ಯಾಲ ಐತಿ. ಮದುವಿ ಮಾತಿನಾಗ ಒಂಟಿ ಸೀನು ಕೇಳಿ ಎದ್ದು ಹೋಗ್ಯಾನ ಆ ಹುಡುಗ! ನೋಡ್ತಿರ್ರಿ, ಇದು ಸುಖಾ ಸುಮ್ಮನ ದಂಡಿ ಹತ್ತಾಂಗಿಲ್ಲ."

ಇನ್ನೂ ತೊಂಬತ್ತೊಂಬತ್ತು ಅಧ್ಯಾಯ ಉಳಿದ ಪುಸ್ತಕದ ಬಗ್ಗೆ ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ.

೩. ಕತ್ತಿ ಎತ್ತಿದವನ ಕೈ

ಹುಡುಗ ರಾಜಧಾನಿಗೆ ಹೋಗಿ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲನೆಯವನಾದ. ಇಲ್ಲಿ ಸಾಹುಕಾರರು, ಮೆಟ್ರಿಕ್ಕಿನ ಬಾಗಿಲಲ್ಲೇ ಠಿಕಾಣಿ ಹೂಡಿದ್ದ ತಮ್ಮ ಮಗನ ಕಡೆಗೆ ಒಮ್ಮೆ ನೋಡಿದರು. ಮಗ ಸೂರಿನ ಕಡೆಗೆ ನೋಡಿದ. ಮಂತ್ರಿ ತನ್ನ ಮಗಳನ್ನು ಕೊಡುತ್ತೇನೆಂದ, ಹುಡುಗ ಒಲ್ಲೆನೆಂದ. ಮಂತ್ರಿ ಸಿಟ್ಟಾಗಿ ರಾಜದ್ರೋಹದ ಆಪಾದನೆ ಹೊರಿಸಿದ. ಹುಡುಗನನ್ನು ವಧಾಸ್ಥಾನಕ್ಕೆ ಎಳೆದು ತಂದರು. ಕೊರಳು ಬಾಗಿಸಿದರು. ಕಟುಕ ಎರಡೂ ಕೈಯಲ್ಲಿ ಕತ್ತಿ ಎತ್ತಿದ.

ಸಾಹೇಬರು ಪುಸ್ತಕ ಮುಚ್ಚಿ ಚಹಾ ಕುಡಿಯತೊಡಗಿದರು.

ಜನ ಕಾದರು. ಸಾಹೇಬರು ಲೋಟ ಕೆಳಗಿಟ್ಟು, "ಮುಂದಿನದು ನಾಳೆ" ಎಂದರು.

ದೊಡ್ಡ ಗದ್ದಲವೇ ಆಯಿತು. ನಮ್ಮಲ್ಲಿ ಪುರಾಣ ಓದುವವರು ಎಂಥ ಹೊತ್ತಾದರೂ ಅಶುಭದಲ್ಲಿ ನಿಲ್ಲಿಸುವುದಿಲ್ಲ. ವನವಾಸವಾದರೆ ಅದು ಮುಗಿಯುವವರೆಗೆ, ಯುದ್ಧವಾದರೆ ಪಟ್ಟಾಭಿಷೇಕದವರೆಗೆ, ಕಡೆಗೆ ಒಂದು ತೊಟ್ಟಿಲಾದರೂ ತೂಗಿಸಿಯೇ ಮಂಗಳ ಹಾಡುತ್ತಾರೆ. ಇಲ್ಲದಿದ್ದರೆ ಆ ಅಶುಭ ಕೇಳಿದವರ ಮನೆಗೆ ಬರುತ್ತದೆ ಎಂದು ನಂಬಿಕೆ. ಸಾಹೇಬರ ದೇಶದ ಶಾಸ್ತ್ರ ನೇರ ಇದಕ್ಕೆ ವಿರುದ್ಧ. ಎಲ್ಲಿ ಜೀವ ಬಾಯಿಗೆ ಬರುತ್ತದೋ ಅಲ್ಲಿಯೇ ಅಧ್ಯಾಯ ಮುಗಿಯಬೇಕು. ಮುಂದೆ ಹೇಳಿದರೆ ಕಥೆಗಾರನಿಗೆ ದೋಷ.

"ಇವತ್ತ ಒಂದು ಶುಭ ಮಾಡಿ ಎಬ್ಬಿಸ್ರಿ" ಎಂದರು ಜನ. ಸಾಹೇಬರು ನನ್ನ ಮುಖ ನೋಡಿ, ನಿರ್ವಾಹವಿಲ್ಲದೆ ಮುಂದಿನ ಅಧ್ಯಾಯ ತೆಗೆದರು. ಮರಣದಂಡನೆಯ ಬದಲು ಗಡೀಪಾರೆಂದು ರಾಜನ ಆಜ್ಞೆ ಬಂದು ಹುಡುಗ ಉಳಿದ. ಜನ ಉಸಿರು ಬಿಟ್ಟರು. ಆದರೆ ಅದೇ ಅಧ್ಯಾಯದ ಕೊನೆಗೆ ಅವನನ್ನು ಗಡಿಗೆ ಸಾಗಿಸುತ್ತಿದ್ದ ಗಾಡಿ ಕಣಿವೆಗೆ ಉರುಳಿತು. ಮತ್ತೊಂದು ಅಧ್ಯಾಯ ಓದಿಸಿದರು. ಅದರ ಕೊನೆಗೆ ಮಂತ್ರಿ ಕಳಿಸಿದ ಇನ್ನೊಬ್ಬ ಕಟುಕ ಎದುರಾಗಿ ಕತ್ತಿ ಎತ್ತಿದ. ನನ್ನ ಗಂಟಲು ಒಣಗಿತು. ಇತ್ತ ಊಟದ ಹೊತ್ತು ಮೀರುತ್ತಿತ್ತು. ಎರಡು ದೇಶಗಳ ಶಾಸ್ತ್ರ ಪಡಸಾಲೆಯಲ್ಲಿ ಜುಟ್ಟು ಹಿಡಿದುಕೊಂಡು ನಿಂತಿದ್ದವು.

ಕಡೆಗೆ ಅಜ್ಜಿಯೇ ರಾಜಿ ಮಾಡಿಸಿದರು. "ಆತು. ಅವರ ಶಾಸ್ತ್ರನೂ ಉಳೀಲಿ. ನಾಳೆ ಹೇಳಲಿ. ಆದ್ರ ಮೇಷ್ಟ್ರ, ಆ ಕಟುಕನಿಗೆ ಕತ್ತಿ ಇಳಿಸಿ ಕುಂದ್ರಾಕ ಹೇಳ್ರಿ. ನಾಳೆ ಸಂಜೀತನಕ ಹಂಗ ಎತ್ತಿಕೊಂಡು ನಿಂತ್ರ ಅವಗೂ ಕೈ ನೋಯ್ತಾವ, ಪಾಪ."

೪. ಕಾಲುವೆಯಲ್ಲಿ ತೇಲಿದ ಕಾವ್ಯ

ಕಥೆಯ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ದೊಡ್ಡ ಮನುಷ್ಯರು ಸುಮ್ಮನಿರುತ್ತಾರೆಯೇ? ಒಬ್ಬ ವಕೀಲರು ಬಂದರು. ಕೋರ್ಟಿನಲ್ಲಿ ಗದ್ಯ, ಮನೆಯಲ್ಲಿ ಪದ್ಯ ಅವರ ರೂಢಿ. ಕೇಳುವವರು ಮಾತ್ರ ಎರಡೂ ಕಡೆ ಇರಲಿಲ್ಲ. ಅವರನ್ನು ಕಂಡು ಸಾಹೇಬರಿಗೆ ತಮ್ಮ ದೇಶದ ಹಳೆಯ ಕವಿಗಳ ಒಂದು ಆಟ ನೆನಪಾಯಿತು. ಹರಿಯುವ ಕಾಲುವೆಯ ದಡದಲ್ಲಿ ಕವಿಗಳು ಸಾಲಾಗಿ ಕೂರುವುದು. ಮೇಲಿನಿಂದ ಮದ್ಯದ ಬಟ್ಟಲು ತೇಲಿಬಿಡುವುದು. ಅದು ಯಾರ ಮುಂದೆ ನಿಲ್ಲುತ್ತದೋ ಅವರು ಕೂಡಲೇ ಪದ್ಯ ಕಟ್ಟಿ ಹೇಳಬೇಕು. ಹೇಳಲಾಗದಿದ್ದರೆ ಶಿಕ್ಷೆಯಾಗಿ ಬಟ್ಟಲನ್ನು ಕುಡಿಯಬೇಕು.

ವಕೀಲರು ಪುಳಕಿತರಾದರು. ಒಂದು ಭಾನುವಾರ ಹಂಪಿಯ ಹತ್ತಿರ ಬಾಳೆತೋಟದ ಬದಿಯ ಕಾಲುವೆಗೆ ಹೋದೆವು. ವಕೀಲರು, ಸಾಹುಕಾರರು, ತಾಲ್ಲೂಕು ಕಚೇರಿಯ ಶಿರಸ್ತೇದಾರರು, ಅವರ ಜವಾನ, ನಾನು, ಸಾಹೇಬರು. ಮದ್ಯವೆಂದರೆ ಸಾಹುಕಾರರು ಕಿವಿ ಮುಚ್ಚಿಕೊಳ್ಳುವವರು. ಹೀಗಾಗಿ ಬಾಳೆ ಎಲೆಯ ದೊನ್ನೆಗಳಲ್ಲಿ ಬೆಲ್ಲ, ಏಲಕ್ಕಿ, ನಿಂಬೆಹಣ್ಣು ಹಿಂಡಿದ ಪಾನಕ ತೇಲಿಬಿಟ್ಟರು.

ಹಂಪಿಯ ಬಿಸಿಲು. ಬಂಡೆಗಳು ಹೆಂಚಾಗಿದ್ದವು. ಮೊದಲ ದೊನ್ನೆ ಶಿರಸ್ತೇದಾರರ ಮುಂದೆ ನಿಂತಿತು. "ನನಗ ಪದ್ಯ ಬರಾಂಗಿಲ್ರಿ, ಶಿಕ್ಷೆ ಆಗ್ಲಿ" ಎಂದು ಗಟಗಟನೆ ಕುಡಿದರು. ಎರಡನೆಯದು ಸಾಹುಕಾರರಿಗೆ. ಅವರೂ ತಪ್ಪೊಪ್ಪಿಕೊಂಡರು. ಆಮೇಲಿನದು ನಿಲ್ಲದೆ ಮುಂದಕ್ಕೆ ತೇಲಿತು. ಶಿರಸ್ತೇದಾರರು ಕೈ ಚಾಚಿ ಹಿಡಿದು, "ಹೋದ ಸಲದ ಶಿಕ್ಷೆ ಇನ್ನೂ ಬಾಕಿ ಐತಿ" ಎಂದರು. ವಕೀಲರು ಕೂತದ್ದು ಎಲ್ಲರಿಗಿಂತ ಕೆಳಗೆ. ಅಂಗಿಯ ತೋಳಿನ ತುಂಬ ಪದ್ಯ ಬರೆದುಕೊಂಡು ಬಂದಿದ್ದ ಅವರ ಮುಂದೆ ಕಡೆಗೂ ಒಂದು ದೊನ್ನೆ ಬಂದು ನಿಂತಾಗ ಅದು ಖಾಲಿಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಖಾಲಿ ದೊನ್ನೆಗೂ ಪದ್ಯ ಹೇಳಬಹುದೆಂದು ಅವರು ವಾದ ಹೂಡಿದರು. ಶಿಕ್ಷೆಯಿಲ್ಲದ ಕಡೆ ಕಾನೂನು ನಡೆಯದೆಂದು ಶಿರಸ್ತೇದಾರರು ವಜಾ ಮಾಡಿದರು.

ಸಾಹೇಬರು ಪೆಚ್ಚಾಗಿ ಕೂತಿದ್ದರು. ಅವರ ದೇಶದಲ್ಲಿ ಸಾವಿರ ವರ್ಷ ಕಾವ್ಯ ಬೆಳೆಸಿದ ಆಟ ನಮ್ಮಲ್ಲಿ ಒಂದು ಸಾಲನ್ನೂ ಹೊರಡಿಸಿರಲಿಲ್ಲ.

ಸಾಹುಕಾರರಿಗೆ ಕನಿಕರ ಬಂತು. "ಶಿಕ್ಷೆ ಶಿಕ್ಷೆ ಆಗಿರಬೇಕ್ರಿ" ಎಂದು ಮರುವಾರ ಪಾನಕದ ಬದಲು ಬೇವಿನ ಕಷಾಯ ತುಂಬಿಸಿದರು. ದೊನ್ನೆ ದೂರದಲ್ಲಿ ಕಂಡದ್ದೇ ಸಾಕು, ಶಿರಸ್ತೇದಾರರು ಎದ್ದು ನಿಂತು ಪದ್ಯ ಹೇಳಿದರು. ಸಾಹುಕಾರರು ಅಕ್ಕಿಯ ತಳಿಗಳನ್ನೇ ಪ್ರಾಸದಲ್ಲಿ ಜೋಡಿಸಿದರು. ದೊನ್ನೆ ತನ್ನ ಕಡೆ ಬರದಿದ್ದರೂ ಜವಾನ ಮುಂಜಾಗ್ರತೆಗಾಗಿ ಎರಡು ಹೇಳಿದ. ವಕೀಲರಂತೂ ಒಂದು ದೊನ್ನೆ ಹಿಡಿದುಕೊಂಡು ಹನ್ನೆರಡು ಪದ್ಯ ಓದಿ, ಹದಿಮೂರನೆಯದಕ್ಕೆ ಗಂಟಲು ಸರಿಮಾಡಿಕೊಂಡರು.

ಆಗ ಸಾಹೇಬರು ಎದ್ದು, ವಕೀಲರ ಕೈಯಿಂದ ದೊನ್ನೆ ಕಸಿದು, ಕಷಾಯವನ್ನು ತಾವೇ ಒಂದೇ ಗುಟುಕಿಗೆ ಕುಡಿದು ಆಟ ಮುಗಿಸಿದರು.

೫. ಎಲ್ಲವೂ ನಮ್ಮದೇ

ಸಂಡೂರಿನ ಬೆಟ್ಟ ನೋಡಲು ಹೋದಾಗ ಸಾಹೇಬರಿಗೆ ಒಬ್ಬ ಪಂಡಿತರು ಗಂಟುಬಿದ್ದರು. ಲೋಕದಲ್ಲಿ ಏನಿದ್ದರೂ ಅದು ಮೊದಲು ನಮ್ಮಲ್ಲಿ ಇತ್ತು, ನಮ್ಮಲ್ಲೂ ವಿಶೇಷವಾಗಿ ಸಂಡೂರಿನಲ್ಲಿ ಇತ್ತು ಎಂಬುದು ಅವರ ಸಿದ್ಧಾಂತ. ಸಾಹೇಬರು ಕಾಗದವೆಂದರೆ, "ಇತ್ತು." ರೇಷ್ಮೆಯೆಂದರೆ, "ಇತ್ತು." ಚಹಾ ಎಂದಾಗ ಪಂಡಿತರು ಸ್ವಲ್ಪ ಯೋಚಿಸಿ, "ಇತ್ತು, ಆದ್ರ ನಾವು ಕುಡೀತಿರಲಿಲ್ಲ" ಎಂದರು.

ಬೆಟ್ಟ ಹತ್ತುತ್ತಾ ಸಾಹೇಬರು ಕಥೆ ಮುಂದುವರಿಸಿದರು. ಗಡೀಪಾರಾದ ಹುಡುಗ ಒಂದು ಕೆಂಪು ಬೆಟ್ಟದ ಗವಿಯಲ್ಲಿ ಅಡಗಿದನಂತೆ. ಪಂಡಿತರು ಅಲ್ಲಿಯೇ ನಿಂತು ಕಾಲಡಿಯ ಕೆಮ್ಮಣ್ಣು ತೋರಿಸಿದರು. "ಇದ ಬೆಟ್ಟ! ಇದು ನಮ್ಮ ಕಥಿನೇ ರೀ. ನಿಮ್ಮವರು ಬಂದಾಗ ಒಯ್ದಾರ."

ನಾನು ನಾಚಿಕೆಯಿಂದ ಇದನ್ನು ಇಂಗ್ಲಿಷಿಗೆ ಇಳಿಸಿದೆ. ಸಾಹೇಬರು ಸಿಟ್ಟಾಗಲಿಲ್ಲ. "ಹಾಗಾದರೆ ಮುಂದಿನ ಕಥೆ ತಮಗೆ ಗೊತ್ತಿರಬೇಕು. ದಯವಿಟ್ಟು ಹೇಳಿ" ಎಂದು ಒಂದು ಕಲ್ಲಿನ ಮೇಲೆ ಕೂತರು.

ಪಂಡಿತರು ಬೆವರು ಒರೆಸಿಕೊಂಡರು, ಆದರೆ ಸೋಲುವ ಜೀವವಲ್ಲ. ಗವಿಯಲ್ಲಿ ಹುಡುಗನಿಗೆ ಒಬ್ಬ ಋಷಿಯನ್ನು ದರ್ಶನ ಮಾಡಿಸಿದರು, ಹುಲಿಗೆ ಪೂರ್ವಜನ್ಮ ಕೊಟ್ಟರು, ಮಂತ್ರಿಯನ್ನು ಕಲ್ಲಾಗಿಸಿದರು, ಹುಡುಗನಿಗೆ ತೀರ್ಥಸ್ನಾನ ಮಾಡಿಸಿ ಇಬ್ಬರು ಹೆಂಡಿರೊಡನೆ ಸಿಂಹಾಸನ ಏರಿಸಿದರು. ಸಾಹೇಬರು ಕಣ್ಣು ಮಿಟುಕಿಸದೆ ಕೇಳಿದರು. ನನಗೆ ಅವರ ಮುಖವೇ ಬೇರೆಯಾಗಿ ಕಂಡಿತು. ಅರವತ್ತು ವರ್ಷದಲ್ಲಿ ಆ ಕಥೆಯ ಕೊನೆ ಅವರಿಗೂ ತಿಳಿಯದೇ ಇದ್ದದ್ದು ಅದೇ ಮೊದಲು.

ಕಡೆಗೆ ಎದ್ದು ನಮಸ್ಕರಿಸಿ, "ಬಹಳ ಚೆನ್ನಾಗಿದೆ. ಆದರೆ ನಮ್ಮ ಪುಸ್ತಕದಲ್ಲಿ ಕೊನೆ ಹೀಗಿಲ್ಲವಲ್ಲ?" ಎಂದರು.

ಪಂಡಿತರು ಶಾಂತವಾಗಿ ಹೇಳಿದರು: "ಹೆಂಗಿರ್ತೈತ್ರಿ? ನಿಮ್ಮವರು ಕದ್ದು ಓಡುವಾಗ ಕಡೀ ಹಾಳಿ ಹರಿದು ನಮ್ಮ ಕೈಯಾಗ ಉಳೀತು."

೬. ಹರಿಗೋಲಿನ ವಿದ್ಯೆ

ಅಧ್ಯಾಯದ ಕೊನೆಗೆ ಪುಸ್ತಕ ಮುಚ್ಚುವ ಸಾಹೇಬರ ಶಾಸ್ತ್ರ ಸಾಹುಕಾರರಿಗೆ ದಿನದಿನಕ್ಕೂ ತಡೆಯದಾಯಿತು. ಗಿರಣಿಯಲ್ಲಿ ಭತ್ತ ಸುರಿಯುವಾಗಲೂ ಆ ಹುಡುಗ ಏನಾದನೋ ಎಂದೇ ಯೋಚನೆ. ಒಂದು ದಿನ ನನ್ನ ಹತ್ತಿರ ಬಂದು, "ಮೇಷ್ಟ್ರ, ಹುಡುಗನ್ನ ಕಷ್ಟದಾಗ ಬಿಟ್ಟು ಇವರು ಆರಾಮ ಚಾ ಕುಡೀತಾರ. ಇವರನ್ನೂ ಒಂದೀಟು ಕಷ್ಟದಾಗ ಇಟ್ರ ತಾವಾಗೇ ಮುಂದಿನದು ಹೇಳ್ತಾರ" ಎಂದರು.

ಮಾರನೆಯ ದಿನ ಕಂಪ್ಲಿಯಲ್ಲಿ ಹೊಳೆ ದಾಟಲು ಹರಿಗೋಲು ಹತ್ತಿದೆವು. ತೊಗಲು ಹೊದಿಸಿದ ಬಿದಿರಿನ ದುಂಡು ಬುಟ್ಟಿ ಅದು. ಹುಟ್ಟು ಹಾಕುವವನಿಗೆ ಸಾಹುಕಾರರು ಮೊದಲೇ ಹೇಳಿಟ್ಟಿದ್ದರು. ನಡುಹೊಳೆಯಲ್ಲಿ ಸಾಹೇಬರು ಹುಡುಗನನ್ನು ಶತ್ರುಗಳ ಸೆರೆಗೆ ಹಾಕಿ ಪುಸ್ತಕ ಮುಚ್ಚಿದ ಕೂಡಲೇ ಸಾಹುಕಾರರು ಕಣ್ಣು ಹೊಡೆದರು. ಅವನು ಹರಿಗೋಲನ್ನು ಬುಗುರಿಯಂತೆ ತಿರುಗಿಸತೊಡಗಿದ.

"ಮುಂದಿನದು ಹೇಳೋತನಕ ದಂಡೀಗೆ ಹೋಗಾಂಗಿಲ್ಲ, ಹೇಳ್ರಿ ಅವರಿಗೆ!" ಎಂದರು ಸಾಹುಕಾರರು ಬುಟ್ಟಿಯ ಅಂಚು ಹಿಡಿದು.

ಸಾಹೇಬರು ಗಟ್ಟಿಯಾಗಿ ನಕ್ಕರು. ಅವರು ಹುಟ್ಟಿ ಬೆಳೆದದ್ದೇ ಹೊಳೆಯ ಮೇಲಿನ ದೋಣಿಯಲ್ಲಿ. ಈ ತಿರುಗಾಟ ಅವರಿಗೆ ತೊಟ್ಟಿಲು. ಖುಷಿಯಾಗಿ, ಶಾಸ್ತ್ರವನ್ನೂ ಮರೆತು, ಒಂದರ ಮೇಲೊಂದು ಎರಡು ಅಧ್ಯಾಯ ಹೇಳಿಬಿಟ್ಟರು. ಆದರೆ ಅದನ್ನು ಕನ್ನಡಕ್ಕೆ ತರಬೇಕಾದವನು ನಾನು. ನಾನು ಅಂಚಿಗೆ ಬಗ್ಗಿ ಬೆಳಗಿನ ಉಪ್ಪಿಟ್ಟನ್ನು ತುಂಗಭದ್ರೆಗೆ ಅರ್ಪಿಸುತ್ತಿದ್ದೆ.

ದಂಡೆಗೆ ಬಂದು ಮರದ ನೆರಳಲ್ಲಿ ಮಲಗಿಸಿದ ಮೇಲೆ ಸಾಹುಕಾರರು ನನ್ನ ಮುಖಕ್ಕೆ ಗಾಳಿ ಹಾಕುತ್ತಾ, "ಏನಾತ್ರಿ ಆ ಎರಡು ಅಧ್ಯಾಯದಾಗ?" ಎಂದರು. ನನಗೆ ಒಂದು ಅಕ್ಷರವೂ ನೆನಪಿರಲಿಲ್ಲ. ಸಾಹೇಬರನ್ನೇ ಕೇಳಿದೆ.

"ಬಿಡಿ," ಎಂದರು ಅವರು. "ಅವೆರಡರಲ್ಲಿ ಇರುವುದೆಲ್ಲ ಗಡಿನಾಡಿನ ಕಂದಾಯದ ವಿಚಾರ. ನಮ್ಮಲ್ಲೂ ಎಲ್ಲರೂ ಹಾರಿಸಿಯೇ ಓದುತ್ತಾರೆ."

ಸಾಹುಕಾರರು ಗಾಳಿ ಹಾಕುವುದನ್ನು ನಿಲ್ಲಿಸಿದರು. "ಹಂಗಾರ ಸುಮ್ಮಸುಮ್ಮನ ನಮ್ಮ ಮೇಷ್ಟ್ರ ಹೊಟ್ಟಿ ಖಾಲಿ ಮಾಡಿಸಿದ್ವಲ್ಲ!"

೭. ಎರಡನೆಯದು

ಮೂರು ತಿಂಗಳು ಕಳೆದು ಹೊರಡುವ ದಿನ ಬಂತು. ಮದರಾಸಿನಿಂದ ಹಡಗು. ಒಂದೇ ಒಂದು ಅಧ್ಯಾಯ ಉಳಿದಿತ್ತು. ಹಿಂದಿನ ಸಂಜೆ ಊರಲ್ಲಿ ಒಂದು ಸಾವಾಗಿ ಪಡಸಾಲೆ ಕೂಡಿರಲಿಲ್ಲ. ಸಾಹೇಬರು ಬೆಳಿಗ್ಗೆ ಗಂಟು ಕಟ್ಟುವಾಗ ನನ್ನ ಕಡೆ ನೋಡಲಿಲ್ಲ. "ರಂಗೂನಿನ ಹಾಗೆ, ಕಲಕತ್ತೆಯ ಹಾಗೆ, ಇಲ್ಲಿಯೂ" ಎಂದಷ್ಟೇ ಅಂದರು. ನಾನು ಬೇಕೆಂದೇ ಜಟಕಾ ತರಿಸಲು ತಡಮಾಡಿದೆ. ಇಷ್ಟು ದಿನ ಇವರಿಂದ ಬಿಡುಗಡೆ ಯಾವಾಗ ಎನ್ನುತ್ತಿದ್ದವನು ನಾನೇ.

ಸ್ಟೇಷನ್ನಿಗೆ ಹೋದರೆ ಅಲ್ಲಿ ಅಜ್ಜಿ ಬೆಂಚಿನ ಮೇಲೆ ಕೂತಿದ್ದಾರೆ, ಹಿಂದೆ ಪಡಸಾಲೆಯ ಜನವೆಲ್ಲ! ಕಮಾನು ಗಾಡಿ ಕಟ್ಟಿಸಿಕೊಂಡು ನಮಗಿಂತ ಮೊದಲೇ ಬಂದಿದ್ದರು. "ಇದ್ದದ್ದೊಂದು ಅಧ್ಯಾಯ ನುಂಗಿಕೊಂಡು ಹೋಗಾಕ ಬಿಡ್ತೀನೇನು? ಕುಂದ್ರಿ. ರೈಲು ಬರೋದರಾಗ ಮುಗಿಸ್ರಿ."

ಸಾಹೇಬರು ಕೂತರು. ಸ್ಟೇಷನ್ ಮಾಸ್ತರರೂ ಹಸಿರು ಬಾವುಟವನ್ನು ಬಗಲಲ್ಲಿ ಇಟ್ಟುಕೊಂಡು ಬಂದು ನಿಂತರು.

ವರ್ಷಗಳು ಕಳೆದಿವೆ. ಹುಡುಗನ ಗಡ್ಡ ನರೆತಿದೆ. ಸೆರೆ ಬಿಡಿಸಿಕೊಂಡು ಆ ಹುಡುಗಿಯ ಮನೆಯ ಬಾಗಿಲಿಗೆ ಬಂದು ನಿಂತಿದ್ದಾನೆ. ತಾನೇ ಆ ಹುಡುಗನೆಂದು ಹೇಳಿಕೊಂಡು ಬಂದ ಮೋಸಗಾರರನ್ನು ಕಂಡು ಸಾಕಾದ ಆಕೆ ಪರದೆಯ ಹಿಂದಿನಿಂದ ಹೊರಗೆ ಬರಲೊಲ್ಲಳು. ಅವನಿಗೂ ಅನುಮಾನ: ಮುಖವನ್ನೇ ನೋಡಿರದ ಮೇಲೆ ಇವಳೇ ಅವಳೆಂದು ಗೊತ್ತಾಗುವುದು ಹೇಗೆ? ಒಳಗೆ ಸದ್ದಿಲ್ಲ. ಅವನು ಬೆನ್ನು ತಿರುಗಿಸಿ ಮೆಟ್ಟಿಲು ಇಳಿದ. ಆಗ ಪರದೆಯ ಹಿಂದೆ ಆಕೆ ಸೀನಿದಳು.

ನಾನು ಅದನ್ನು ಕನ್ನಡದಲ್ಲಿ ಹೇಳಿ ಬಾಯಿ ಮುಚ್ಚಿರಲಿಲ್ಲ. ಅಜ್ಜಿ ಬೆಂಚು ಗುದ್ದಿ ಎದ್ದರು. "ಎರಡನೇದು! ಬಂತಲ್ಲ ಎರಡನೇದು! ನಾ ಅವತ್ತ ಹೇಳಿಲ್ಲೇನು? ಮೊದಲನೇ ಸೀನಿಗೆ ಎದ್ದು ಹೋದ, ಅದಕ್ಕ ಇಷ್ಟು ವರ್ಷ ಬಡಕೊಂಡ. ಅವತ್ತ ಒಂದೀಟು ಕುಂತು ನೀರು ಕುಡಿದಿದ್ರ ಈ ಕಟುಕ, ಗವಿ, ಸೆರಿ ಒಂದೂ ಇರತಿರಲಿಲ್ಲ!"

ಸಾಹೇಬರಿಗೆ ಇದನ್ನು ತಿಳಿಸಿದೆ. ಅವರು ಗಂಟು ಬಿಚ್ಚಿ ಮೊದಲ ಸಂಪುಟ ತೆಗೆದರು. ಕೊನೆಯ ಸಂಪುಟ ತೆಗೆದರು. ಎರಡನ್ನೂ ತೊಡೆಯ ಮೇಲಿಟ್ಟು ತಾಳೆ ನೋಡಿದರು. "ಮೊದಲ ಪುಟದಲ್ಲಿ ಒಂದು, ಕೊನೆಯ ಪುಟದಲ್ಲಿ ಒಂದು. ನಮ್ಮ ಅಷ್ಟೂ ಪಂಡಿತರು... ನಾನೂ..." ಎಂದರು. ಆಮೇಲೆ, ಕಣ್ಣಲ್ಲಿ ನೀರು ತುಂಬಿಕೊಂಡು, ಅಜ್ಜಿಗೆ ನೆಲ ಮುಟ್ಟಿ ನಮಸ್ಕರಿಸಿದರು. ಕಥೆ ಮುಗಿದಿತ್ತು. ಕೇಳುವವರು ಕಡೆಗೂ ಸಿಕ್ಕಿದ್ದರು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ರೈಲು ಬಂತು. ಸಾಹುಕಾರರು ದಾರಿಗೆಂದು ತಂದ ಬಾಳೆಗೊನೆಯನ್ನು ರೈಲಿನೊಳಗೆ ಇಟ್ಟರು. ಅಜ್ಜಿ ಬೆಂಚಿನ ಮೇಲೆ ಕೂತು, ಸೊಂಟದಿಂದ ನಸ್ಯದ ಡಬ್ಬಿ ತೆಗೆದು ಒಂದು ದೊಡ್ಡ ಚಿಟಿಕೆ ಏರಿಸಿದರು. ಗಾರ್ಡು ಸೀಟಿ ಊದಿದ. ಸಾಹೇಬರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು.

"ಅಕ್ಷೀ!"

ಎಲ್ಲರೂ ತಿರುಗಿ ನೋಡಿದೆವು. ಎಷ್ಟು ನಸ್ಯಕ್ಕೂ ಸೀನದ ಮೂಗು ಸೀನಿತ್ತು.

ಸಾಹೇಬರು ಇಟ್ಟ ಕಾಲು ಇಟ್ಟ ಹಾಗೆಯೇ ನನ್ನನ್ನು ಕೇಳಿದರು: "ಒಂದೇ?"

"ಒಂದೇ. ಆದರೆ ಸಾಹೇಬರೇ, ಇದೆಲ್ಲ ಮೂಢನಂಬಿಕೆ, ನೀವು ಓದಿದವರು, ಹತ್ತಿ" ಎಂದೆ.

"ಓದಿದ್ದಕ್ಕೇ ಹೆದರಿಕೆ, ಮೇಷ್ಟ್ರೇ," ಎಂದರು ಅವರು ಕೆಳಗಿಳಿಯುತ್ತಾ. "ಒಂಟಿ ಸೀನಿಗೆ ಹೊರಟವನಿಗೆ ನೂರು ಅಧ್ಯಾಯ ಹಿಡಿಯಿತು. ನನಗೆ ಅಷ್ಟು ಆಯುಷ್ಯವಿಲ್ಲ." ಬೆಂಚಿನ ಮೇಲೆ ಅಜ್ಜಿಯ ಪಕ್ಕದಲ್ಲಿ ಕೂತು ನೀರು ಬೇಡಿದರು.

ಸಾಹುಕಾರರು, ಪಡಸಾಲೆಯ ಜನ, ಬಾವುಟ ಹಿಡಿದ ಸ್ಟೇಷನ್ ಮಾಸ್ತರರು, ಎಲ್ಲರ ಕಣ್ಣೂ ಅಜ್ಜಿಯ ಮೂಗಿನ ಮೇಲೆ. ಮೂಗು ಒಮ್ಮೆ ಅದುರಿತು, ಸುಮ್ಮನಾಯಿತು. ಗಾರ್ಡು ಬೈಯುತ್ತಾ ಮತ್ತೆ ಸೀಟಿ ಊದಿದ. ರೈಲು ಹೊರಟಿತು, ಬಾಳೆಗೊನೆಯ ಸಮೇತ. ಪ್ಲಾಟ್‌ಫಾರಂ ದಾಟಿತು. ಸಿಗ್ನಲ್ಲಿನ ಕೈಕಂಬ ದಾಟಿತು. ಅದರ ಹೊಗೆ ಬಯಲಲ್ಲಿ ಕರಗುವವರೆಗೂ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ತಲೆ ಹಿಂದಕ್ಕೆ ಎತ್ತಿ, ಸಾವಕಾಶವಾಗಿ, ಸ್ಟೇಷನ್ ಸೂರು ಹಾರುವ ಹಾಗೆ ಎರಡನೆಯದನ್ನು ಸೀನಿದರು.

ಮೂಗು ಒರೆಸಿಕೊಂಡು, ಸಾಹೇಬರ ಕಡೆ ತಿರುಗಿ, ಬಹಳ ಪ್ರೀತಿಯಿಂದ ಹೇಳಿದರು:

"ಎರಡಾತು ನೋಡ್ರಿ. ಇನ್ನ ಏನೂ ಅಡ್ಡಿ ಇಲ್ಲ, ಸುಖವಾಗಿ ಹೋಗಿ ಬರ್ರಿ."